ಮುರಕಲ್ಲಿನ ಚಿತ್ರಗಳಿಗೆ ಕಾವಲು ಬೇಕು

ಮಾನ್ಯರೇ,

ಗೋವಾದ ಕುಶಾವತಿ ನದಿ ದಂಡೆಯ ಉಸಗಳಿಮಳಕ್ಕೆ ಹೋಗಿದ್ದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಾಸಿನ ಮೇಲೆ ಸಾವಿರಾರು ವರ್ಷದ ಹಿಂದೆ ಕೊರೆದ ಗೂಳಿ, ಜಿಂಕೆ, ಸುತ್ತು ಸುತ್ತಾದ ಚಕ್ರವ್ಯೂಹ. ಇಳಿಬಿಸಿಲು ಬಿದ್ದಾಗ ಗೂಳಿಯ ಕೊಂಬಿನ ಗೀರಿನಲ್ಲಿ ನೆರಳು ತುಂಬಿ ಎದ್ದು ಕಂಡಿತು. ತುಳಿದೇನೆಂದು ಬರಿಗಾಲಲ್ಲೇ ಹಿಂದೆ ಸರಿದೆ. ರತ್ನಾಗಿರಿಯ ಕಶೇಳಿಯಲ್ಲಂತೂ ಸುಮಾರು 18 ಮೀಟರ್ ಉದ್ದದ ಆನೆಯೇ ಇದೆ! ಕೊಂಕಣದ ಈ ಚಿತ್ರಗಳು 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿವೆ.

ನಮ್ಮ ಉಡುಪಿ ಜಿಲ್ಲೆಯ ಬುದ್ಧನಜೆಡ್ಡು, ಅವಲಕ್ಕಿ ಪಾರೆಗಳಲ್ಲೂ ಬಂಡೆಚಿತ್ರಗಳಿವೆ. ಆದರೆ ಕರಾವಳಿಯಲ್ಲಿ ಪಾರೆ, ಅಂದರೆ ಬಯಲು ಬಂಡೆಹಾಸು, ಕಲ್ಲುಕೋರೆಗೆ ಒದಗಿದ ಬರಡು ಜಾಗವೆಂದೇ ಲೆಕ್ಕ. ಯಂತ್ರ ಒಮ್ಮೆ ಕೊಯ್ದರೆ ಸಾವಿರಾರು ವರ್ಷದ ಗೆರೆ ಯಾರದೋ ಕಾಂಪೌಂಡ್ ಗೋಡೆ ಸೇರುತ್ತದೆ. ಕೋರೆಗೆ ಅನುಮತಿ ಕೊಡುವ ಮುನ್ನ ಪುರಾತತ್ವ ಇಲಾಖೆಯವರು ಒಮ್ಮೆ ಪಾರೆಯ ಮೇಲೆ ನಡೆದು ನೋಡಲಿ.

– ಓದುಗ, ಕುಂದಾಪುರ