ರಾಂಫಲ್ ಅವರ ಕುರಿತ ಮಾತು ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಕಿರಿಯ ವಕೀಲರಿಗಾಗಿ ಕನ್ನಡದಲ್ಲಿ ನಡೆಸುತ್ತಿದ್ದ ಶನಿವಾರದ ಉಪನ್ಯಾಸಗಳು ಹೋದ ವಾರ ಮುಗಿದವು. ಕೊನೆಯದು ದಕ್ಷಿಣ ಅಮೆರಿಕದ ಗಯಾನಾ ದೇಶದ ವಕೀಲ, ರಾಜತಾಂತ್ರಿಕ ಶ್ರೀದತ್ ರಾಂಫಲ್ ಅವರ ಬಗ್ಗೆ. ದಿನವಿಡೀ ಕೆಲಸ ಮಾಡಿ ಸುಸ್ತಾಗಿದ್ದರೂ ಬಂದು ಕೂತು ಕೇಳಿದ ನಿಮಗೆಲ್ಲ ಮನಸಾರೆ ಧನ್ಯವಾದ.

ರಾಂಫಲ್ ಅವರಿಗೂ ನಾನು ಋಣಿ. ಕಬ್ಬಿನ ತೋಟದ ಕೂಲಿಗೆಂದು ಭಾರತದಿಂದ ಹಡಗು ಹತ್ತಿದವರ ವಂಶ ಅವರದು. ಹುಟ್ಟಿದ್ದು 1928ರಲ್ಲಿ. ಲಂಡನ್‌ನಲ್ಲಿ ಕಾನೂನು ಓದಿ ವಕೀಲರಾದರು, 1965ರಲ್ಲಿ ಅಟಾರ್ನಿ ಜನರಲ್ ಆದರು. ಮರುವರ್ಷ ದೇಶ ಸ್ವತಂತ್ರವಾಯಿತು. ಮುಂದೆ ವಿದೇಶಾಂಗ ಸಚಿವರು, 1975ರಿಂದ 1990ರವರೆಗೆ ಕಾಮನ್‌ವೆಲ್ತ್‌ನ ಮಹಾಕಾರ್ಯದರ್ಶಿ. ತೀರಿಕೊಂಡಿದ್ದು 2024ರ ಆಗಸ್ಟ್‌ನಲ್ಲಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹುದ್ದೆಗಳಲ್ಲ, ಎಸೆಕಿಬೊ ಗಡಿಯ ತಕರಾರು. ಗಯಾನಾದ ನೆಲದಲ್ಲಿ ಸುಮಾರು ಮೂರನೇ ಎರಡು ಪಾಲಿರುವ ಈ ಎಸೆಕಿಬೊ ಪ್ರದೇಶ ತನ್ನದೆಂದು ಪಕ್ಕದ ದೇಶ ವೆನೆಜುವೆಲಾ ಹೇಳುತ್ತದೆ. ಆ ನೆಲದ ಬಹುಪಾಲನ್ನು ಆಗಿನ ಬ್ರಿಟಿಷ್ ಗಯಾನಾಕ್ಕೆ ಕೊಟ್ಟ 1899ರ ಪಂಚಾಯ್ತಿ ತೀರ್ಪನ್ನು ಅದು ಒಪ್ಪುವುದಿಲ್ಲ. ಸ್ವಾತಂತ್ರ್ಯಕ್ಕೆ ಮೂರು ತಿಂಗಳು ಮೊದಲು, 1966ರ ಫೆಬ್ರವರಿ 17ರಂದು, ಈ ತಕರಾರಿನ ಬಗ್ಗೆ ಬ್ರಿಟನ್ ಮತ್ತು ವೆನೆಜುವೆಲಾ ನಡುವೆ ಜಿನೀವಾದಲ್ಲಿ ಒಂದು ಒಪ್ಪಂದವಾಯಿತು. ಆ ಮಾತುಕತೆಯಲ್ಲಿ ರಾಂಫಲ್ ಇದ್ದರು. ಎರಡೂ ಕಡೆಯವರು ಮಾತಾಡಿಯೂ ಬಗೆಹರಿಯದಿದ್ದರೆ ದಾರಿ ಯಾವುದೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ತೀರ್ಮಾನಿಸಬಹುದು ಎಂಬ ಸಾಲು ಅದರ ನಾಲ್ಕನೇ ಕಲಮಿನಲ್ಲಿತ್ತು. ಐವತ್ತು ವರ್ಷ ದಾಟಿದ ಮೇಲೆ, 2018ರಲ್ಲಿ, ಮಹಾಕಾರ್ಯದರ್ಶಿ ಅದೇ ಸಾಲಿನ ಆಧಾರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ದಾರಿ ತೋರಿಸಿದರು.

2020ರ ಜೂನ್ 30ರ ವಿಚಾರಣೆ. ಕೋವಿಡ್ ಕಾಲ, ವಿಡಿಯೋದಲ್ಲೇ ಕಲಾಪ. ಗಯಾನಾ ಪರ ಮಾತಾಡಿದವರಲ್ಲಿ 91 ವರ್ಷದ ರಾಂಫಲ್ ಕೂಡ ಒಬ್ಬರು. ತಾವು ಪ್ರಾಯದಲ್ಲಿ ಮಾತುಕತೆಗೆ ಕೂತಿದ್ದ ಒಪ್ಪಂದದ ಬಗ್ಗೆ ಆ ವಯಸ್ಸಲ್ಲಿ ನಿಂತು ವಾದಿಸುವ ಭಾಗ್ಯ ಎಷ್ಟು ವಕೀಲರಿಗೆ ಸಿಗುತ್ತೆ? ಆ ಡಿಸೆಂಬರ್‌ನಲ್ಲಿ, 12-4 ಬಹುಮತದಿಂದ, ಈ ಕೇಸು ಕೇಳುವ ಅಧಿಕಾರ ತನಗಿದೆ ಎಂದಿತು ನ್ಯಾಯಾಲಯ. ಸೈನ್ಯದ ಬಲವಿಲ್ಲದ ದೇಶಕ್ಕೆ ಒಂದು ಸರಿಯಾದ ಕಲಮು ಎಂಥ ಆಸರೆ, ಅಲ್ವಾ? ಕರಾರು ಬರೆಯುವಾಗ ನಾನೀಗ ಪ್ರತಿ ಸಾಲಿನ ಮೇಲೂ ಜಾಸ್ತಿ ಹೊತ್ತು ಕೂರುತ್ತೇನೆ. ಅದು ಅವರಿಂದ ಬಂದದ್ದು.

ಹಿಂದಿನ ಬೆಂಚಿನಿಂದ ಪ್ರಶ್ನೆ ಕೇಳಿದ ಹುಡುಗಿಗೆ ಬೇರೆಯಾಗಿಯೇ ಥ್ಯಾಂಕ್ಸ್ ಹೇಳಬೇಕು. "ಸರ್, ಚುನಾವಣೆಯಲ್ಲಿ ಅಕ್ರಮ ಮಾಡಿದ ಪ್ರಧಾನಿ ಬರ್ನ್‌ಹ್ಯಾಮ್ ಸರ್ಕಾರದಲ್ಲೇ ಇವರೂ ಮಂತ್ರಿ ಆಗಿದ್ರಲ್ವಾ?" ಹೌದಮ್ಮ, ಆಗಿದ್ದರು. 1968, 1973ರ ಚುನಾವಣೆಗಳ ಮೇಲಿನ ಆರೋಪ ಸುಮ್ನೆ ಎದ್ದದ್ದಲ್ಲ, ಆದರೂ ಅದಕ್ಕಾಗಿ ರಾಂಫಲ್ ಆ ಸಂಪುಟ ಬಿಡಲಿಲ್ಲ. ಅವರ ಮೇಲೆ ನನಗಿರುವ ಗೌರವ ಎಷ್ಟು ನಿಜವೋ ಇದೂ ಅಷ್ಟೇ ನಿಜ. ಆ ಪ್ರಶ್ನೆ ಬರದಿದ್ದರೆ ಅವತ್ತಿನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ತೀರ್ಪಿನ ಪ್ರತಿ ಓದಿಸಿ, ನನಗೆ ಅರ್ಥವಾಗದ ಕಡೆ ಬಿಡಿಸಿ ಹೇಳಿದ ನನ್ನ ಸೀನಿಯರ್‌ಗೆ, ಪ್ರತಿ ವಾರ ಕುರ್ಚಿ ಜೋಡಿಸಿ, ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದ ಗುಮಾಸ್ತರಿಗೆ, ಶನಿವಾರದ ಸಂಜೆಗಳನ್ನು ನನಗೆ ಬಿಟ್ಟುಕೊಟ್ಟ ಮನೆಯವರಿಗೆ ನಮಸ್ಕಾರ. ಟಿಪ್ಪಣಿಗಳ ಜೆರಾಕ್ಸ್ ಲೈಬ್ರರಿಯಲ್ಲಿ ಇಟ್ಟಿದ್ದೇನೆ, ಬೇಕಾದವರು ತಗೊಳ್ಳಿ.