ಅದು ರಗ್ಬಿ ಅಲ್ಲ, ಆ ಚುಕ್ಕೆ ದಶಮಾಂಶವೂ ಅಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಕ್ರೀಡಾಪುಟದ ಮೂಲೆಯಲ್ಲಿ ಒಂದು ಚಿತ್ರ ಬಂದಿತ್ತು. ತೋಳಿಲ್ಲದ ಜೆರ್ಸಿ ತೊಟ್ಟ ಹುಡುಗನೊಬ್ಬ ಇನ್ನೊಬ್ಬನ ಹೆಗಲಿಗೆ ಮೊಣಕಾಲು ಕೊಟ್ಟು ಮೇಲೆ ಹಾರಿದ್ದಾನೆ, ಎರಡೂ ಕೈ ಚೆಂಡಿನತ್ತ ಚಾಚಿವೆ. ಕೆಳಗೆ ‘ಆಸ್ಟ್ರೇಲಿಯಾದಲ್ಲಿ ರಗ್ಬಿ ಜ್ವರ’ ಅಂತ ಬರೆದಿದ್ದೀರಿ. ಅದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅನ್ನುವ ಬೇರೆಯೇ ಆಟ. ಅಷ್ಟಾದರೆ ಹೋಗಲಿ ಅನ್ನಬಹುದಿತ್ತು. ಪಕ್ಕದಲ್ಲಿ ಸ್ಕೋರು 12.9 ಎಂದು ಹಾಕಿ, ಸುದ್ದಿಯೊಳಗೆ ಅದನ್ನು ‘ಸುಮಾರು 13 ಅಂಕ’ ಮಾಡಿಬಿಟ್ಟಿದ್ದೀರಿ! ಮೆಲ್ಬರ್ನ್‌ನಲ್ಲಿ ಕೂತು ಇ-ಪೇಪರ್ ಓದುತ್ತಿದ್ದ ನನಗೆ ಕಾಫಿ ನೆತ್ತಿಗೇರಿತು. ಆ ತಂಡ ಗಳಿಸಿದ್ದು 81.

ಲೆಕ್ಕ ಸುಲಭ. ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ಬಲೆ ಇಲ್ಲ, ಅಡ್ಡಪಟ್ಟಿ ಇಲ್ಲ, ಗೋಲ್‌ಕೀಪರ್ ಕೂಡ ಇಲ್ಲ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಒದ್ದರೆ ಗೋಲು, ಅದಕ್ಕೆ 6 ಅಂಕ. ಎತ್ತರದ ಕಂಬಕ್ಕೂ ಪಕ್ಕದ ಗಿಡ್ಡ ಕಂಬಕ್ಕೂ ನಡುವೆ ಹೋದರೆ 1 ಅಂಕ, ಅದರ ಹೆಸರು ಬಿಹೈಂಡ್. ಗೋಲು ಆಗಬೇಕಾದರೆ ಚೆಂಡು ದಾಳಿ ಮಾಡುವ ತಂಡದವರ ಕಾಲಿನಿಂದಲೇ ಹೋಗಬೇಕು, ದಾರಿಯಲ್ಲಿ ಯಾರದಾದರೂ ಬೆರಳು ಸೋಕಿದರೂ ಆರು ಹೋಗಿ ಒಂದಾಗುತ್ತದೆ. ಹಾಗಾಗಿ 12.9 ಅಂದರೆ 12 ಗೋಲು, 9 ಬಿಹೈಂಡ್. 72ಕ್ಕೆ 9 ಸೇರಿಸಿ.

ಗೋಲ್ ಅಂಪೈರ್‌ನನ್ನು ನೋಡುವುದೇ ಒಂದು ಖುಷಿ. ಕಂಬದ ಬುಡದಲ್ಲಿ ನಿಂತಿರುತ್ತಾನೆ. ಗೋಲಾದರೆ ಎರಡೂ ತೋರುಬೆರಳನ್ನು ಪಟ್ಟನೆ ಮುಂದೆ ಚಾಚಿ, ಆಮೇಲೆ ಎರಡು ಬಿಳಿ ಬಾವುಟ ಬೀಸುತ್ತಾನೆ. ಬಿಹೈಂಡ್ ಆದರೆ ಒಂದೇ ಬೆರಳು, ಒಂದೇ ಬಾವುಟ. ಮೈದಾನದ ಆಚೆ ತುದಿಯ ಗೋಲ್ ಅಂಪೈರ್ ‘ಗೊತ್ತಾಯ್ತು’ ಅನ್ನುವ ಹಾಗೆ ತಿರುಗಿ ಬೀಸುತ್ತಾನೆ.

ಇನ್ನು ರಗ್ಬಿ ಯಾಕಲ್ಲ ಅಂದರೆ, ರಗ್ಬಿಯಲ್ಲಿ ಕೈಯಿಂದ ಕೈಗೆ ಚೆಂಡು ಹಿಂದಕ್ಕೇ ಹೋಗಬೇಕು. ಇಲ್ಲಿ ಯಾವ ದಿಕ್ಕಿಗಾದರೂ ಕಳಿಸಿ, ಎಸೆಯುವ ಹಾಗಿಲ್ಲ ಅಷ್ಟೇ. ಒಂದು ಅಂಗೈ ಮೇಲೆ ಚೆಂಡಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು, ಇಲ್ಲವೇ ಒದೆಯಬೇಕು. ಆಫ್‌ಸೈಡ್ ಅನ್ನೋದೇ ಇಲ್ಲ. ಬಾಕ್ಸಿಂಗ್ ಡೇ ಟೆಸ್ಟ್ ನೋಡುತ್ತೀರಲ್ಲ, ಆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲೇ (ಎಂಸಿಜಿ) ಚಳಿಗಾಲದಲ್ಲಿ ಈ ಆಟ. ಅಷ್ಟು ದೊಡ್ಡ ಮೈದಾನದ ತುಂಬ ತಂಡಕ್ಕೆ 18 ಜನ ಓಡುತ್ತಿರುತ್ತಾರೆ. 20 ನಿಮಿಷದ ನಾಲ್ಕು ಕ್ವಾರ್ಟರ್. ಆಟ ನಿಂತಾಗ ಗಡಿಯಾರವೂ ನಿಲ್ಲುವುದರಿಂದ ಒಂದೊಂದೂ ಅರ್ಧ ಗಂಟೆ ಹತ್ತಿರ ಎಳೆಯುತ್ತದೆ. ಇಲ್ಲಿಯವರು ಇದನ್ನು ಫುಟಿ ಅನ್ನುತ್ತಾರೆ. (ಸಿಡ್ನಿಯಲ್ಲಿ ಫುಟಿ ಅಂದರೆ ರಗ್ಬಿ ಲೀಗ್, ಅದು ಬೇರೆಯೇ ಜಗಳ.)

ನನ್ನ ಮಗಳು ಶನಿವಾರ ಬೆಳಿಗ್ಗೆ ಬಡಾವಣೆಯ ಮೈದಾನದಲ್ಲಿ ಆಡುತ್ತಾಳೆ. ಚೆಂಡನ್ನು ನೆಟ್ಟಗೆ ಹಿಡಿದು, ಎಸೆಯದೆ, ಸುಮ್ನೆ ಕೈಬಿಟ್ಟಂತೆ ಬೂಟಿನ ಮೇಲೆ ಬಿಡಬೇಕು, ಆಗ ಅದು ಹಿಂದಕ್ಕೆ ತಿರುಗುತ್ತಾ ನೇರ ಹೋಗುತ್ತದೆ. ನಾನು ಪ್ರಯತ್ನಿಸಿದಾಗ ಪಕ್ಕದವರ ಕಾರಿನತ್ತ ಹೋಯಿತು. ಓಡುವಾಗ 15 ಮೀಟರ್‌ಗೊಮ್ಮೆ ಚೆಂಡನ್ನು ನೆಲಕ್ಕೆ ಬಡಿಯಬೇಕು ಅಥವಾ ಮುಟ್ಟಿಸಬೇಕು. ಮೊಟ್ಟೆ ಆಕಾರದ ಚೆಂಡು ವಾಪಸ್ ಕೈಗೇ ಬರುತ್ತೆ ಅನ್ನುವ ಭರವಸೆ ಯಾರಿಗೂ ಇಲ್ಲ. ಒದೆಯಲು ಇಲ್ಲವೇ ಗುದ್ದಿ ಕಳಿಸಲು ಅವಕಾಶವಿದ್ದೂ ಚೆಂಡು ಬಿಡದೆ ಟ್ಯಾಕಲ್‌ಗೆ ಸಿಕ್ಕಿಬಿದ್ದರೆ ಎದುರಾಳಿಗೆ ಫ್ರೀ ಕಿಕ್. ಅಂಪೈರ್ ಸೀಟಿ ಊದುವ ಮೊದಲೇ ಬೇಲಿ ಪಕ್ಕದ ಅಜ್ಜಿಯರು ಕೂಡ ‘ಬಾ...ಲ್!’ ಅಂತ ಕೂಗುತ್ತಾರೆ. ಬಿಡುವಿನಲ್ಲಿ ಅಪ್ಪ ಅಮ್ಮಂದಿರು, ನಾಯಿಗಳು ಎಲ್ಲ ಮೈದಾನದೊಳಕ್ಕೆ ನಡೆದುಹೋಗಿ ಕೋಚ್ ಬೈಯುವುದನ್ನು ಕೇಳಬಹುದು.

ಒಂದು ಅಂಕ ತಾನೇ ಅಂತ ಬಿಹೈಂಡ್ ಬಿಟ್ಟುಬಿಡಬೇಡಿ. 2010ರ ಗ್ರ್ಯಾಂಡ್ ಫೈನಲ್‌ನಲ್ಲಿ, ಅಂದರೆ ಇಲ್ಲಿನ ಲೀಗ್‌ನ ವರ್ಷದ ಅಂತಿಮ ಪಂದ್ಯದಲ್ಲಿ, ಸೇಂಟ್ ಕಿಲ್ಡಾ ತಂಡ 10.8, ಕಾಲಿಂಗ್‌ವುಡ್ ತಂಡ 9.14. ಕೂಡಿ ನೋಡಿ, ಇಬ್ಬರಿಗೂ 68! ಕೊನೆಯ ನಿಮಿಷಗಳಲ್ಲಿ ಸೇಂಟ್ ಕಿಲ್ಡಾ ಒಂದು ಅಂಕ ಹಿಂದಿತ್ತು. ಗೋಲಿನ ಮುಂದೆ ಬಿದ್ದ ಚೆಂಡು ಆ ತಂಡದ ಸ್ಟೀಫನ್ ಮಿಲ್ನ್ ಕೈಗೆ ಸಿಗದೆ ಅಡ್ಡ ಪುಟಿದು ಬಿಹೈಂಡ್ ಆಯಿತು, ಪಂದ್ಯ ಸಮ. ಗ್ರ್ಯಾಂಡ್ ಫೈನಲ್‌ಗೆ ಆಗ ಹೆಚ್ಚುವರಿ ಸಮಯದ ನಿಯಮ ಇರಲಿಲ್ಲ, ಮುಂದಿನ ಶನಿವಾರ ಇಡೀ ಫೈನಲ್ ಮತ್ತೆ ಆಡಿದರು. ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಿತು. ತಮಾಷೆ ಅಂದರೆ ಸೇಂಟ್ ಕಿಲ್ಡಾ ಇಷ್ಟು ವರ್ಷದಲ್ಲಿ ಗೆದ್ದ ಒಂದೇ ಒಂದು ಗ್ರ್ಯಾಂಡ್ ಫೈನಲ್ 1966ರದ್ದು, ಅದೂ ಇದೇ ಕಾಲಿಂಗ್‌ವುಡ್ ವಿರುದ್ಧ, 74-73. ಅವರ ಬ್ಯಾರಿ ಬ್ರೀನ್ ಒದ್ದ ಒಂದು ಬಿಹೈಂಡ್‌ನಿಂದ.

ನಿಮಗೆ ಪತ್ರ ಬರೆಯಲು ಇನ್ನೊಂದು ಕಾರಣವಿದೆ. ಈ ಆಟ ಶುರುವಾಗಿದ್ದೇ ಪತ್ರಿಕೆಗೆ ಬಂದ ಓದುಗರ ಪತ್ರದಿಂದ ಅಂದರೂ ನಡೆಯುತ್ತದೆ. 1858ರ ಜುಲೈ 10ರಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗನ ಪತ್ರ ಮೆಲ್ಬರ್ನ್‌ನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಚಳಿಗಾಲದಲ್ಲಿ ಕ್ರಿಕೆಟಿಗರು ಮೈ ಬೆಳೆಸಿಕೊಂಡು ಕೂರುವ ಬದಲು ಫುಟ್‌ಬಾಲ್ ಕ್ಲಬ್ ಕಟ್ಟಬಾರದೇ ಅಂತ. ಮರು ವರ್ಷ ಮೇ 17ಕ್ಕೆ ಹತ್ತು ನಿಯಮ ಬರೆದರು. ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ, ಅಂದರೆ ಇದು ಅದಕ್ಕಿಂತ ಹಳೆಯದು.

ಮುಂದಿನ ಸಲ 12.9 ಅಂತ ಹಾಕಿ ಪಕ್ಕದಲ್ಲಿ ಕಂಸದೊಳಗೆ 81 ಎಂದು ಸೇರಿಸಿ, ಸಾಕು. ಮತ್ತೆ, ಚಿತ್ರದ ಹುಡುಗ ಕೊನೆಗೆ ಚೆಂಡು ಹಿಡಿದನೋ ಇಲ್ಲವೋ ನೀವು ಬರೆಯಲೇ ಇಲ್ಲ. 15 ಮೀಟರ್ ದಾಟಿ ಬಂದ ಕಿಕ್ಕನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದು ಮಾರ್ಕ್, ಆಮೇಲೆ ಯಾರೂ ಮೈಮೇಲೆ ಬೀಳದೆ ಆರಾಮಾಗಿ ಒದೆಯಬಹುದು. ಹಿಡಿಯದೆ ಬಿದ್ದಿದ್ದರೆ ಸುಮ್ನೆ ಇನ್ನೊಬ್ಬನ ಹೆಗಲು ಹತ್ತಿದ ಹಾಗಾಯ್ತು, ಅಲ್ವಾ?

— ಮೆಲ್ಬರ್ನ್‌ನಿಂದ ನಿಮ್ಮ ಹಳೆಯ ಓದುಗ