ಗೆನ್ನೆಯಲ್ಲಿ ಹೊಗೆಸೊಪ್ಪು, ಕೈಯಲ್ಲಿ ಸಿ ವಿಟಮಿನ್: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ಕಲಬುರಗಿ ಸೀಮೆಯ ಉಪಕೇಂದ್ರಗಳಲ್ಲಿ ಇಪ್ಪತ್ತಾರು ವರ್ಷ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಊರವರಿಗೆ ಈಗಲೂ ‘ಸಿಸ್ಟರ್’. ಮೊನ್ನೆ ನಮ್ಮ ಓಣಿಯ ಬಸುರಿ ಹೆಣ್ಣುಮಗಳೊಬ್ಬಳು ಮೊಬೈಲ್ ಹಿಡಿದುಕೊಂಡು ಬಂದಳು. “ಸಿ ವಿಟಮಿನ್ ಗುಳಿಗಿ ತಗೊಂಡ್ರ ತಂಬಾಕ ಕೂಸಿಗಿ ತಾಗಂಗಿಲ್ಲಂತ, ಖರೇನ್ರಿ ಸಿಸ್ಟರ್?” ಕೇಳುವಾಗಲೂ ಅವಳ ಎಡಗೆನ್ನೆ ಉಬ್ಬಿತ್ತು.

ಅರ್ಧ ಖರೆ. ಆ ಅರ್ಧವನ್ನೇ ಪೂರ್ತಿ ಎಂದು ನಂಬುವವರು ಹೆಚ್ಚಾಗುತ್ತಿರುವುದರಿಂದ ಈ ಪತ್ರ.

ಈ ಸುದ್ದಿಯ ಬೇರು ಅಮೆರಿಕದ ಆರೆಗಾನ್ ರಾಜ್ಯದಲ್ಲಿದೆ. ತಾಯಿಯ ರಕ್ತದಲ್ಲಿರುವ, ತಂಬಾಕಿನ ನಿಕೋಟಿನ್ ಮಾಸನ್ನು (ಪ್ಲಾಸೆಂಟಾ) ದಾಟಿ ಹೋಗಿ, ಹೊಟ್ಟೆಯಲ್ಲಿನ ಕೂಸಿನ ಇನ್ನೂ ಕವಲೊಡೆಯುತ್ತಿರುವ ಶ್ವಾಸಕೋಶಕ್ಕೆ ತಟ್ಟುತ್ತದೆ. ಗಾಳಿಯ ದಾರಿಗಳು ಬೆಳೆಯುವ ರೀತಿಯನ್ನೇ ಕೆಡಿಸುತ್ತದೆ. ಅಲ್ಲಿನ ಸಂಶೋಧಕರು ಮೊದಲು ಕೋತಿಗಳಲ್ಲಿ ಇದನ್ನು ಕಂಡರು. ನಿಕೋಟಿನ್ ಜೊತೆಗೆ ದಿನಕ್ಕೆ 250 ಮಿ.ಗ್ರಾಂ ಸಿ ವಿಟಮಿನ್ ಪಡೆದ ತಾಯಂದಿರ ಮರಿಗಳು ಉಸಿರು ಬಿಡುವ ಬಲವನ್ನು ಉಳಿಸಿಕೊಂಡಿದ್ದವು. ಆಮೇಲೆ, ಸಿಗರೇಟು ಬಿಡಲಾಗದ ಗರ್ಭಿಣಿಯರಿಗೆ ದಿನಕ್ಕೆ 500 ಮಿ.ಗ್ರಾಂ ಕೊಟ್ಟು ನೋಡಿದರು. 2014ರ ವರದಿಯಂತೆ, ಮೊದಲ ವರ್ಷದಲ್ಲಿ ಎದೆ ಸುಯ್‌ಗುಟ್ಟಿದ್ದು ವಿಟಮಿನ್ ಪಡೆದವರ ಮಕ್ಕಳಲ್ಲಿ ಶೇ. 21, ಬರೀ ಸಕ್ಕರೆ ಗುಳಿಗೆಯಂಥದ್ದು ಪಡೆದವರ ಮಕ್ಕಳಲ್ಲಿ ಶೇ. 40. ಸಣ್ಣ ಮಾತಲ್ಲ.

ಆದರೆ ಅದು ಶ್ವಾಸಕೋಶದ ಮಾತು, ಸಿಗರೇಟು ಸೇದುವವರ ಮಾತು. ಮಿದುಳನ್ನೂ ಹೃದಯವನ್ನೂ ಗುಳಿಗೆ ಕಾಯುತ್ತದೆ ಎಂದು ಆ ಪ್ರಯೋಗ ಹೇಳಿಲ್ಲ. ನಮ್ಮವರು ಸೇದುವುದಿಲ್ಲ, ಅಗಿಯುತ್ತಾರೆ. ಮುಂಬೈಯ ಗರ್ಭಿಣಿಯರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸುವ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ಶೇ. 12.8ರಷ್ಟು ಮಂದಿ ಇಂಥ ತಂಬಾಕು ಬಳಸುವವರೇ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಿ.ಪಿ., ತೂಕ, ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಬರೆದುಕೊಳ್ಳುವಾಗ ಎಷ್ಟೋ ವರ್ಷ ನಾನು ಕೇಳಿದ್ದು “ಧೂಮಪಾನ ಮಾಡ್ತೀಯೇನವ್ವಾ?” ಎಂದು. ಅವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ನಾನು ‘ಇಲ್ಲ’ ಎಂದು ಬರೆಯುತ್ತಿದ್ದೆ. ಎಲೆ-ಅಡಿಕೆಗೆ ಹೊಗೆಸೊಪ್ಪು ಹಾಕ್ತೀಯಾ, ಹಲ್ಲಿಗೆ ತಂಬಾಕಿನ ಕಡ್ಡಿಪುಡಿ ಹಚ್ತೀಯಾ ಎಂದು ಹೆಸರು ಹಿಡಿದು ಕೇಳತೊಡಗಿದ ಮೇಲೆ ಉತ್ತರ ಬದಲಾಯಿತು. ಯಾಕೆ ಹಾಕುತ್ತಾರೆಂಬುದೂ ಗೊತ್ತಾಯಿತು: ಹಲ್ಲುನೋವಿಗೆ, ಬಸುರಿನ ವಾಕರಿಕೆಗೆ, ತೊಗರಿ ಕೊಯ್ಲಿನಲ್ಲಿ ಮಧ್ಯಾಹ್ನದ ಹಸಿವು ಮರೆಯಲಿಕ್ಕೆ. ಹಸಿವಿಗೆ ತಂಬಾಕು ಅಗಿಯುವವಳ ಮುಂದೆ ನಿಂತು ‘ಚಟ ಬಿಡು’ ಎನ್ನಲು ನನಗಂತೂ ಬಾಯಿ ಬರುತ್ತಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆ. ತಪಾಸಣೆಯ ದಿನದ ಪ್ರಶ್ನೆಯಲ್ಲಿ ಆಯಾ ಸೀಮೆಯ ಹೆಸರುಗಳಿರಲಿ. ಅಗಿಯುವವರ ಲೆಕ್ಕ ಬೇರೆಯಾಗಿ ಬರಲಿ. ತಂಬಾಕು ಬಿಡಿಸಲು 1800-11-2356 ಎಂಬ ಉಚಿತ ಸಹಾಯವಾಣಿ ಇದೆ, ಪ್ಯಾಕೆಟ್ಟಿನ ಮೇಲೆ ಅಚ್ಚಾಗಿಯೂ ಇರುತ್ತದೆ. ಸಂತೆಯಲ್ಲಿ ಬಿಡಿಯಾಗಿ ಮಾರುವ ಹೊಗೆಸೊಪ್ಪಿಗೆ ಪ್ಯಾಕೆಟ್ಟೇ ಇಲ್ಲವಲ್ಲ ಸ್ವಾಮಿ. ಆ ನಂಬರು ತಾಯಿ ಕಾರ್ಡಿನ ಮೇಲೆ ಎದ್ದು ಕಾಣುವಂತಿರಲಿ.

ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಕೊಡುವ ಮಾತೃಪೂರ್ಣದ ಊಟದಲ್ಲಿ ನಿಂಬೆಹೋಳು, ನೆಲ್ಲಿಕಾಯಿ, ಸಿಕ್ಕ ಕಾಲಕ್ಕೆ ಪೇರಲಹಣ್ಣು ಬರಲಿ. ಅದು ಆ 500 ಮಿ.ಗ್ರಾಂಗೆ ಬದಲಿ ಅಂತಲ್ಲ. ಕಬ್ಬಿಣದ ಅಂಶ ಮೈಗೆ ಹತ್ತಲಾದರೂ ಹುಳಿ ಬೇಕು. ಗುಳಿಗೆಯ ವಿಷಯ ಬೇರೆ. ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೊಂದು ತಂಬಾಕು ಅಗಿಯುವ ಗರ್ಭಿಣಿಯರಲ್ಲೇ ಇದನ್ನು ಪರೀಕ್ಷಿಸಲಿ, ಬಿಡಿಸುವ ಪ್ರಯತ್ನವನ್ನೂ ಜೊತೆಗೇ ನಡೆಸಲಿ. ಅಲ್ಲಿಯವರೆಗೆ, ಸಿ ವಿಟಮಿನ್ ತಂಬಾಕಿಗೆ ರಹದಾರಿಯಲ್ಲ ಎಂದು ಆಶಾ ಕಾರ್ಯಕರ್ತೆಯರ ಕೈಗೆ ಒಂದು ಪುಟದ ಸುತ್ತೋಲೆ ತಲುಪಲಿ, ಓದಲು ಬರುವ ಕನ್ನಡದಲ್ಲಿ.

ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರ ತಪಾಸಣೆ ಇರುತ್ತದೆ. ಮುಂದಿನ ಬಾರಿ ನಮ್ಮ ಕಡೆ ಬನ್ನಿ. ಸಾಲಿನಲ್ಲಿ ಕೂತವರನ್ನು ಮೊದಲು ಧೂಮಪಾನದ ಪ್ರಶ್ನೆ ಕೇಳಿ, ಆಮೇಲೆ ಹೊಗೆಸೊಪ್ಪಿನದು. ಎರಡೂ ಉತ್ತರಗಳನ್ನು ನೀವೇ ಬರೆದುಕೊಳ್ಳಿ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ, ಕಲಬುರಗಿ ಜಿಲ್ಲೆ